ಸಾಕ್ಷಿ ಹೇಳಿ ಅನ್ನುವವರಿಗೆ

ಧೈರ್ಯವಾಗಿ ಸಾಕ್ಷಿ ಹೇಳಿ ಅನ್ನುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಹೊಲದಲ್ಲಿ ಕಳೆ ಕೀಳುವವರಿಗೆ, ಆಫೀಸಿನಲ್ಲಿ ಜೊತೆ ದುಡಿಯುವವರಿಗೆ ಯೇಸುವಿನ ಹೆಸರು ಹೇಳಿ, ನಾಚಬೇಡಿ, ಅಂಜಬೇಡಿ ಅನ್ನುತ್ತಾರೆ. ಪಟ್ಟಣದಿಂದ ಕಾರಿನಲ್ಲಿ ಬಂದು ನಮ್ಮ ಕೇರಿಯ ತಗಡಿನ ಚರ್ಚಿನಲ್ಲಿ ಮೈಕು ಹಿಡಿದು ಹೇಳುತ್ತಾರೆ. ಊಟದ ಹೊತ್ತಿಗೆ ಸರಿಯಾಗಿ ಕಾರು ಹತ್ತುತ್ತಾರೆ.

ಸ್ವಾಮಿ, ಈ ಧೈರ್ಯಕ್ಕೆ ಬೆಲೆ ತೆರುವವರು ಯಾರು?

ಸಾಕ್ಷಿ ಅನ್ನೋ ಮಾತು ನಮಗೆ ಹೊಸದಲ್ಲ. ಕೋರ್ಟಿನಲ್ಲಿ ಗೌಡರ ವಿರುದ್ಧ ಸಾಕ್ಷಿ ಹೇಳಿದ ನಮ್ಮವರಿಗೆ ಏನಾಗುತ್ತೆ ಅಂತ ಕೇರಿಯ ಚಿಳ್ಳೆಪಿಳ್ಳೆಗಳಿಗೂ ಗೊತ್ತು. ಮಾರನೇ ದಿನ ಕೂಲಿ ಇಲ್ಲ. ಅಂಗಡಿಯಲ್ಲಿ ಸಾಲ ಇಲ್ಲ. ದನ ಅಟ್ಟೋಕೆ ಬೀಳು ಇಲ್ಲ. ಯೇಸುವಿನ ಸಾಕ್ಷಿಗೂ ಅಂಥದೇ ಒಂದು ಕಟಕಟೆ ಇದೆ. ಮೈಕು ಹಿಡಿದವರು ಅದನ್ನು ಹತ್ತಿಲ್ಲ, ಅಷ್ಟೇ.

ನಾವು ಒಪ್ಪಿಕೊಳ್ಳುತ್ತೇವೆ. ಬೆಂಕಿ ಕಾಯಿಸುತ್ತಾ ಕೂತಿದ್ದ ಪೇತ್ರ ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ. ನಾವೂ ಮೂರು ಸಲ ಹೇಳಿದ್ದೇವೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಅಪ್ಪ ದೀಕ್ಷಾಸ್ನಾನದ ಹೆಸರು ಬಿಟ್ಟು ತಾತನ ಹೆಸರು ಹೇಳಿದ. ಧರ್ಮದ ಕಾಲಮ್ಮಿನಲ್ಲಿ ಮೇಷ್ಟ್ರು ಹಿಂದೂ ಅಂತ ಬರೆದರು. ಹಾಸ್ಟೆಲಿಗೆ ಅರ್ಜಿ ಹಾಕುವಾಗ ಎರಡನೇ ಸಲ. ಡಿಗ್ರಿ ಮುಗಿದ ಮೇಲೆ ಜಾತಿ ಸರ್ಟಿಫಿಕೇಟಿಗೆ ತಾಲ್ಲೂಕು ಕಚೇರಿಯಲ್ಲಿ ನಿಂತಾಗ ಮೂರನೇ ಸಲ. ಮನೆಗೆ ವಿಚಾರಣೆಗೆ ಬರುತ್ತಾರೆ ಅಂತ ಅವ್ವ ಗೋಡೆಯ ಮೇಲಿದ್ದ ಶಿಲುಬೆಯ ಕ್ಯಾಲೆಂಡರನ್ನು ಸುತ್ತಿ ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಕೋಳಿ ಕೂಗಿತು. ನಮ್ಮ ಮನೆಯ ಹುಂಜವೇ ಕೂಗಿತು.

ಹೇಡಿಗಳು ಅನ್ನುವಿರಾ? ಅನ್ನಿ. ಅದಕ್ಕೆ ಮೊದಲು 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪ್ಯಾರಾ ಓದಿ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು ಅದು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ಸೇರಿಸಲೇಬೇಕಿತ್ತು, ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡು 34 ವರ್ಷ ಕಾಯಿಸಿದ್ದೇ ಅನ್ಯಾಯ. ಕ್ರೈಸ್ತನಾದ ದಲಿತ, ಮುಸ್ಲಿಮನಾದ ದಲಿತ ಹೊರಗೇ ಉಳಿದರು. ಆ ಪ್ಯಾರಾ ಕಿತ್ತುಹಾಕಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿತು. ಕೀಳಲಿಲ್ಲ. 2022ರಲ್ಲಿ ಇನ್ನೊಂದು ಆಯೋಗ ನೇಮಿಸಿದರು. ಹೋಟೆಲಿನವನಿಗೆ ಕೆಂಚ ಬಂದರೂ ಒಂದೇ, ಯೋಹಾನ ಬಂದರೂ ಒಂದೇ, ಲೋಟ ಬೇರೆ. ಬೀದಿಯಲ್ಲಿ ಹೊಡೆಯುವವನು ಯಾವ ದೇವರ ಒಕ್ಕಲು ಅಂತ ಕೇಳಿ ಹೊಡೆಯುವುದಿಲ್ಲ. ಸರ್ಕಾರಕ್ಕೆ ಮಾತ್ರ ದೀಕ್ಷಾಸ್ನಾನದ ನೀರಿನಲ್ಲಿ ನಮ್ಮ ಜಾತಿ ತೊಳೆದುಹೋದಂತೆ ಕಾಣುತ್ತದೆ. ಸೀಟು ಹೋಯಿತು, ಕೆಲಸ ಹೋಯಿತು, ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಹೋಯಿತು.

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರ ಮಾಡಬಹುದು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಮಾತ್ರ ಇಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು. ಆಮೇಲೆ 2022ರಲ್ಲಿ ನಮ್ಮ ರಾಜ್ಯದಲ್ಲೇ ಮತಾಂತರ ನಿಷೇಧ ಕಾಯ್ದೆ ಬಂತು. ಉಡುಗೊರೆ ಆಮಿಷ, ಧರ್ಮಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದು ಆಮಿಷ, ಒಳ್ಳೆಯ ಬದುಕಿನ ಭರವಸೆಯೂ ಆಮಿಷ. ಮತಾಂತರಗೊಂಡವರು ಅಪ್ರಾಪ್ತರು, ಬುದ್ಧಿ ಸ್ಥಿಮಿತವಿಲ್ಲದವರು, ಹೆಂಗಸರು, ಪರಿಶಿಷ್ಟರು ಆದರೆ ಶಿಕ್ಷೆ ಹೆಚ್ಚು, 3ರಿಂದ 10 ವರ್ಷ. ನೋಡಿದಿರಾ ಪಂಕ್ತಿಯನ್ನು? ನಮ್ಮನ್ನೂ ನಮ್ಮವ್ವಂದಿರನ್ನೂ ಕೂಸುಗಳ ಜೊತೆ, ಬುದ್ಧಿ ಕೆಟ್ಟವರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದರು. ನಮಗೆ ಸ್ವಂತ ತಲೆ ಇಲ್ಲ, ಯಾರಾದರೂ ಅಕ್ಕಿ ತೋರಿಸಿದರೆ ದೇವರನ್ನು ಬಿಟ್ಟುಬಿಡುತ್ತೇವೆ ಅಂತ. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಈ ಕಾಯ್ದೆಯನ್ನು ರದ್ದುಮಾಡುವ ತೀರ್ಮಾನ ಮಾಡಿತು. ತೀರ್ಮಾನವಾದ ಮಾತ್ರಕ್ಕೆ ಕೇರಿಯ ಭಯ ರದ್ದಾಗುತ್ತದೆಯೇ?

ನಮ್ಮವ್ವನ ಸಾಕ್ಷಿ ಯಾವುದು ಗೊತ್ತೇ? ಹಿಂದಿನ ಸಾಲಿನ ಮನೆಯಲ್ಲಿ ಬಾಣಂತಿ ಜ್ವರದಿಂದ ಮಲಗಿದ್ದಳು. ಅವ್ವ ಮೂರು ದಿನ ಗಂಜಿ ಕಾಯಿಸಿ ಕೊಟ್ಟಳು, ಮಗುವಿಗೆ ಬಿಸಿನೀರು ಹುಯ್ದಳು. ಬರುವಾಗ ಬಾಣಂತಿಯ ತಲೆ ಸವರಿ, "ಯೇಸಪ್ಪ ಅವ್ನೆ, ಎದ್ಕೋಬ್ಯಾಡ ಕಣ್ ತಾಯಿ" ಅಂದಳು. ಇಷ್ಟೇ ಅವಳ ಸುವಾರ್ತೆ. ಆ ಗಂಜಿ ಆಮಿಷವೇ? ಆ ಬಾಣಂತಿ ಚರ್ಚಿಗೆ ಬರಲಿಲ್ಲ. ಈಗಲೂ ಮಾರಮ್ಮನಿಗೆ ತಂಬಿಟ್ಟಿನಾರತಿ ಎತ್ತುತ್ತಾಳೆ. ಅವ್ವ ಅವಳ ಮನೆಗೆ ಹೋಗುವುದನ್ನು ಬಿಟ್ಟಿಲ್ಲ. ಮಾರಮ್ಮನನ್ನು ಸೈತಾನ ಅಂತ ಮೈಕಿನಲ್ಲಿ ಬೈಯುವ ಪ್ರಚಾರಕರನ್ನು ಕಂಡರೆ ಅವ್ವನಿಗೆ ಆಗದು, ನಮಗೂ ಆಗದು. ಮಾರಮ್ಮ ನಮ್ಮಜ್ಜಿಯ ಕಷ್ಟ ಕೇಳಿದವಳು. ಅಜ್ಜಿಯನ್ನು ಅವಮಾನಿಸುವುದು ಯಾವ ಸೀಮೆಯ ಧೈರ್ಯ?

ಧೈರ್ಯ ತೋರಿಸಬೇಕಾದ ಜಾಗ ಬೇರೆ ಇದೆ. ಚರ್ಚಿನ ಒಳಗೇ ಇದೆ. ಅಸ್ಪೃಶ್ಯತೆ ನಮ್ಮೊಳಗೂ ಇದೆ ಎಂದು ಕ್ಯಾಥೋಲಿಕ್ ಬಿಷಪ್ಪರ ಸಮ್ಮೇಳನವೇ 2016ರ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ಈ ದೇಶದ ದಲಿತನೊಬ್ಬ ಕಾರ್ಡಿನಲ್ ಆಗಲು 2022ರವರೆಗೆ ಕಾಯಬೇಕಾಯಿತು. ಸಮಾಧಿಯಲ್ಲಿ ಗೋಡೆ, ಮದುವೆ ಮಾತಿನಲ್ಲಿ ಗೋಡೆ. ಯೇಸು ಎಲ್ಲರಿಗಾಗಿ ಸತ್ತ ಅಂತ ಬಸ್ಸಿನಲ್ಲಿ ಸಾರಿ, ನಮ್ಮ ಹೆಣವನ್ನು ಗೋಡೆಯಾಚೆ ಹೂಳುವವರು ಯಾವ ಬಾಯಲ್ಲಿ ಸಾಕ್ಷಿ ಹೇಳುತ್ತಾರೆ?

ಪಟ್ಟಣದ ಅಯ್ಯನೋರೇ, ಸಮಾರ್ಯದ ಆ ಹೆಂಗಸನ್ನು ನೆನೆಯಿರಿ. ಅವಳ ಕೈನೀರು ಯೆಹೂದ್ಯರಿಗೆ ಮೈಲಿಗೆ. ಬಿಸಿಲಲ್ಲಿ ಬಾವಿಯ ಹತ್ತಿರ ಕೂತು ಯೇಸು ಕುಡಿಯೋಕೆ ನೀರು ಕೊಡು ಅಂತ ಅವಳನ್ನೇ ಕೇಳಿದ. ಕೇಳಿದ್ದು ಅವನು, ಕೊಡುವ ಕೈ ಅವಳದು. ಆಮೇಲೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿ ಎಲ್ಲರಿಗೂ ಹೇಳಿದಳು. ಯಾರೂ ಅವಳಿಗೆ ನಾಚಬೇಡ, ಅಂಜಬೇಡ ಅಂತ ಭಾಷಣ ಬಿಗಿದಿರಲಿಲ್ಲ. ಮೊದಲು ನಮ್ಮ ಕೈಯ ನೀರು ಕುಡಿಯಿರಿ. ಮೂರನೇ ಪ್ಯಾರಾ ಕೀಳಿಸಲು ನಮ್ಮ ಜೊತೆ ಬೀದಿಗೆ ಬನ್ನಿ. ಸಮಾಧಿಯ ಗೋಡೆ ಒಡೆಯಿರಿ. ಹೇಳುವುದನ್ನು ನಾವು ಹೇಳುತ್ತೇವೆ.

ಬಂಡಾಯದ ಗೆಳೆಯರಿಗೂ ಒಂದು ಮಾತು. ಬಿಳಿಯರ ದೇವರನ್ನು ಹೊತ್ತು ತಿರುಗುತ್ತೀರಿ ಅಂತ ನಗುತ್ತೀರಿ. ನಗಿ. ಆದರೆ ನಮ್ಮನ್ನು ಮತಪ್ರಚಾರದ ಕೇಸಿನಲ್ಲಿ ಠಾಣೆಗೆ ಎಳೆದೊಯ್ದ ದಿನ ಇದು ಧರ್ಮದ ಜಗಳ, ನಮ್ಮದಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಮೊನ್ನೆ ಅವ್ವ ಅಕ್ಕಿ ಡಬ್ಬದ ಹಿಂದಿನಿಂದ ಕ್ಯಾಲೆಂಡರು ತೆಗೆದಳು. ವರ್ಷ ಹಳೇದು, ಒಂದು ಮೂಲೆ ಇಲಿ ತಿಂದಿದೆ. ಬಾಬಾಸಾಹೇಬರ ಫೋಟೋದ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದಾಳೆ. ವಿಚಾರಣೆಗೆ ಬರುವವರು ಬರಲಿ. ನಮ್ಮನೆ ಲೋಟದಲ್ಲಿ ಟೀ ಕೊಡುತ್ತೇವೆ. ಕುಡಿದರೋ ಇಲ್ಲವೋ, ಅದನ್ನೂ ಅವರ ರಿಪೋರ್ಟಿನಲ್ಲಿ ಬರೆದುಕೊಳ್ಳಲಿ.