‘ಯು’ಗೆ ಇಲ್ಲದ ತಪ್ಪು ‘ದೇ’ಗೆ ಎಲ್ಲಿಂದ ಬಂತು?

2025ರಲ್ಲಿ ಜೇನ್ ಆಸ್ಟಿನ್ ಹುಟ್ಟಿ 250 ವರ್ಷ ತುಂಬಿದಾಗ ಆಕೆಯ ಅಚ್ಚುಕಟ್ಟಾದ ಇಂಗ್ಲಿಷನ್ನು ಬಾಯ್ತುಂಬ ಹೊಗಳಿದವರೇ, ಒಬ್ಬ ವ್ಯಕ್ತಿಯನ್ನು ‘ದೇ’ ಎನ್ನುವ ಹೊಸ ತಲೆಮಾರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಾರೆ. ಆಸ್ಟಿನ್ ಕಾದಂಬರಿಗಳಲ್ಲಿ ‘ಎವರಿಬಡಿ’ಯ ಬೆನ್ನಿಗೇ ‘ದೇರ್’ ಎಷ್ಟು ಸಲ ಬರುತ್ತದೆಂದು ಇವರು ಗಮನಿಸಿದಂತಿಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ ‘ದೇ’ ಬಳಸುವುದು 14ನೇ ಶತಮಾನದಿಂದಲೂ ಇದ್ದ ರೂಢಿ. ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸಿದವರಲ್ಲಿ ಪ್ರಮುಖ, ಯಾರ್ಕ್‌ನಲ್ಲಿ ನೆಲೆಸಿದ್ದ ಅಮೆರಿಕನ್ ಲಿಂಡ್ಲಿ ಮರ್ರೆ. ಅವನ ವ್ಯಾಕರಣ ಅಚ್ಚಾದದ್ದು 1795ರಲ್ಲಿ.

‘ದೇ’ ಯಾಕೆ, ‘ಹಿ’ ಎಂದರೆ ಹೆಂಗಸರೂ ಸೇರಿದರಲ್ಲ ಎಂಬ ವಾದ ಇಂದಿಗೂ ಕೇಳಿಬರುತ್ತದೆ. ಬ್ರಿಟಿಷ್ ಸಂಸತ್ತು 1850ರಲ್ಲಿ ಹಾಗೆಂದು ಕಾಯ್ದೆಯನ್ನೇ ಮಾಡಿತು: ಶಾಸನಗಳಲ್ಲಿನ ಪುಲ್ಲಿಂಗ ಪದ ಸ್ತ್ರೀಯರನ್ನೂ ಒಳಗೊಳ್ಳುತ್ತದೆ. ಆ ಮಾತನ್ನು ನಂಬಿ ಮ್ಯಾಂಚೆಸ್ಟರಿನ 5,000ಕ್ಕೂ ಹೆಚ್ಚು ಮಹಿಳೆಯರು ಮತದ ಹಕ್ಕು ಕೇಳಿದರು. 1867ರ ಸುಧಾರಣಾ ಕಾಯ್ದೆ ಮತದಾರನನ್ನು ‘ಮ್ಯಾನ್’ ಎಂದಿತ್ತು. 1850ರ ಕಾಯ್ದೆಯ ಪ್ರಕಾರ ಅದರಲ್ಲಿ ತಾವೂ ಇದ್ದೇವೆಂಬುದು ಅವರ ಪಕ್ಷ. 1868ರಲ್ಲಿ ನ್ಯಾಯಾಲಯ ಇಲ್ಲವೆಂದಿತು. ಎಲ್ಲರನ್ನೂ ಒಳಗೊಳ್ಳುವ ‘ಹಿ’ಯ ಯೋಗ್ಯತೆ ಇಷ್ಟು.

ಇನ್ನು ‘ದೇ’ ಬಹುವಚನ, ಒಬ್ಬರಿಗೆ ಸಲ್ಲದು ಎಂಬ ತಕರಾರು. ‘ಯು’ ಕೂಡ ಬಹುವಚನವೇ ಆಗಿತ್ತು. ಒಬ್ಬರಿಗೆ ‘ದೌ’ ಇತ್ತು. ಒಬ್ಬರನ್ನು ‘ಯು’ ಎನ್ನಬಾರದೆಂದು ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ ಸಂಗಡಿಗರೊಂದಿಗೆ 1660ರಲ್ಲಿ ಹಲವಾರು ಭಾಷೆಗಳ ಸಾಕ್ಷ್ಯ ಕಲೆಹಾಕಿ ಪುಸ್ತಕವನ್ನೇ ತಂದ. ಜನ ಕಿವಿಗೊಡಲಿಲ್ಲ. ಅದೂ ಅಲ್ಲದೆ ‘ಯು’ ಮೂಲದಲ್ಲಿ ಕರ್ಮಸ್ಥಾನದ ರೂಪ. ಕರ್ತೃವಾಗಿ ಬರಬೇಕಾದದ್ದು ‘ಯೀ’. ‘ಮಿ ಅಂಡ್ ಹಿಮ್ ವೆಂಟ್’ ಎಂದ ಹುಡುಗನ ಕಿವಿ ಹಿಂಡುವ ಮೇಷ್ಟ್ರು ‘ಯು ವೆಂಟ್’ ಎಂದಾಗಲೆಲ್ಲ ಅಂಥದೇ ಪಲ್ಲಟವನ್ನು ಶುದ್ಧ ಇಂಗ್ಲಿಷ್ ಎಂದು ಆಡುತ್ತಿರುತ್ತಾರೆ.

‘ದೌ’ ಮರೆಯಾದ ಮೇಲೆ ಒಬ್ಬರೋ ಹಲವರೋ ತಿಳಿಯದಂತಾಯಿತು. ಜನ ಸುಮ್ಮನೆ ಕೂರಲಿಲ್ಲ. ಅಮೆರಿಕದ ದಕ್ಷಿಣದಲ್ಲಿ ‘ಯಾಲ್’, ಪಿಟ್ಸ್‌ಬರ್ಗ್‌ನಲ್ಲಿ ‘ಯಿನ್ಸ್’, ಐರ್ಲೆಂಡ್‌ನಲ್ಲೂ ಲಿವರ್‌ಪೂಲ್‌ನಲ್ಲೂ ‘ಯೂಸ್’ ಹುಟ್ಟಿದವು. ಐರಿಶ್ ಭಾಷೆಯಲ್ಲಿ ಒಬ್ಬರಿಗೊಂದು, ಹಲವರಿಗೊಂದು ಸರ್ವನಾಮ ಇದೆ. ಆ ವ್ಯತ್ಯಾಸ ಬಿಟ್ಟುಕೊಡಲು ಒಲ್ಲದವರು ಇಂಗ್ಲಿಷಿಗೆ ಅದನ್ನು ಹೊಸದಾಗಿ ಕಟ್ಟಿಕೊಟ್ಟರು. ಸೂತ್ರ ಪಾಲಿಸುವುದರಲ್ಲೂ ಆಡುಮಾತು ಮುಂದಿರುವುದುಂಟು. ‘ಹಿಸ್‌ಸೆಲ್ಫ್’ ಹಳ್ಳಿಗರ ಮಾತೆಂದು ಮೂಗು ಮುರಿಯುವವರು ‘ಮೈಸೆಲ್ಫ್’, ‘ಯುವರ್‌ಸೆಲ್ಫ್’ಗಳಲ್ಲಿ ಯಾವ ವಿಭಕ್ತಿ ಇದೆಯೆಂದು ನೋಡಲಿ. ಸೂತ್ರ ಮುರಿದಿರುವುದು ‘ಹಿಮ್‌ಸೆಲ್ಫ್’.

‘ಬಿಟ್ವೀನ್ ಯು ಅಂಡ್ ಐ’ ಬಗ್ಗೆಯೂ ಒಂದು ಮಾತು. ಮೇಷ್ಟ್ರ ಭಯದಿಂದ ಹುಟ್ಟಿದ ಅತಿಶುದ್ಧಿ ಇದು ಎಂದು ವಿದ್ವಾಂಸರು ವಿವರಿಸುವುದುಂಟು. ಈ ವಿವರಣೆ ಇಂದಿನವರ ಮಟ್ಟಿಗೆ ಸರಿಯಿದ್ದೀತು. ಆದರೆ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಆಂಟೋನಿಯೊ ಗೆಳೆಯನಿಗೆ ಬರೆದ ಪತ್ರದಲ್ಲೂ ಇದೇ ಪ್ರಯೋಗವಿದೆ, ಆ ನಾಟಕ ಅಚ್ಚಾದದ್ದು 1600ರಲ್ಲಿ. ಮರ್ರೆಯ ವ್ಯಾಕರಣ ಬರಲು ಇನ್ನೂ ಸುಮಾರು ಎರಡು ಶತಮಾನ ಬಾಕಿಯಿತ್ತು.

ಈ ಜಗಳದಲ್ಲಿ ಕನ್ನಡಿಗರೂ ಶುದ್ಧಿವಾದಿಗಳ ಪಕ್ಕದಲ್ಲಿ ನಿಲ್ಲುವುದು ಈ ಪತ್ರಿಕೆಗೆ ನಿಜಕ್ಕೂ ಬೇಸರ ತರುತ್ತದೆ. ಎದುರಿಗಿರುವ ಒಬ್ಬರಿಗೆ ‘ನೀವು’, ಬಂದುಹೋದ ಒಬ್ಬರಿಗೆ ‘ಅವರು ಬಂದಿದ್ದರು’ ಎನ್ನುವುದು ಕನ್ನಡದ ನಿತ್ಯದ ನಡೆ. ಬಂದದ್ದು ಗಂಡೋ ಹೆಣ್ಣೋ ಆ ಮಾತು ಹೇಳುವುದೂ ಇಲ್ಲ, ಅದರಿಂದ ಯಾರಿಗೂ ಗೊಂದಲವಾಗಿಲ್ಲ. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಉರುಹೊಡೆದ ಮಾತ್ರಕ್ಕೆ ಈ ಅನುಭವವನ್ನೆಲ್ಲ ಬದಿಗಿಡಬೇಕಿಲ್ಲ. ಇಂಗ್ಲಿಷ್ ಮೇಷ್ಟ್ರುಗಳು ಪರೀಕ್ಷೆಯ ನಿಯಮವನ್ನು ಪರೀಕ್ಷೆಯ ನಿಯಮವೆಂದೇ ಕಲಿಸಲಿ. ಅದನ್ನು ಮೀರಿ ಮಾತಾಡಿದ ಮಗುವನ್ನು ದಡ್ಡನೆನ್ನುವ ಹಕ್ಕು ಅವರಿಗಿಲ್ಲ.