ಬರಕತ್ತು ಬಾಟಲಿಯ ಚೀಟಿಯಲ್ಲಿಲ್ಲ

ಉಮ್ರಾ ಮುಗಿಸಿ ಮರಳುವವರ ಸಾಮಾನಿನಲ್ಲಿ ಝಮ್‌ಝಮ್ ನೀರು ಮತ್ತು ಖರ್ಜೂರದ ಜೊತೆಗೆ ಝೈತೂನ್ ಎಣ್ಣೆಯ ಬಾಟಲಿಯೂ ಇರುವುದು ಈಗ ವಾಡಿಕೆಯಾಗಿದೆ. ಗಲ್ಫ್ ದೇಶಗಳಲ್ಲಿ ದುಡಿಯುವ ಮಕ್ಕಳು ರಜೆಗೆ ಬರುವಾಗಲೂ ಅದನ್ನು ತರುತ್ತಾರೆ. ಹೈದರಾಬಾದಿನಲ್ಲಿ ವಿಮಾನದಿಂದಿಳಿದು ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪಶ್ಚಿಮಕ್ಕೆ ಸಾಗಿದರೆ ಆ ಬಾಟಲಿಗಳು ಮನ್ನಾಏಖೇಳ್ಳಿಯ, ಹುಮನಾಬಾದಿನ, ಬಸವಕಲ್ಯಾಣದ ಮನೆಗಳನ್ನು ತಲುಪುತ್ತವೆ. ಆ ಮೇಲೆ ಅವುಗಳಿಗೆ ಏನಾಗುತ್ತದೆ? ಕೆಲವು ಶೋಕೇಸಿನಲ್ಲಿ ಅಲಂಕಾರವಾಗಿ ನಿಲ್ಲುತ್ತವೆ. ಕೆಲವು ಔಷಧಿಯ ಹೆಸರಿನಲ್ಲಿ ಮಾರಾಟವಾಗುತ್ತವೆ. ಊಟದ ತಟ್ಟೆಗೆ ಬರುವುದು ಮಾತ್ರ ಅಪರೂಪ. ಈ ವಾಡಿಕೆಯ ಕುರಿತು ಕೆಲವು ಕಹಿ ಮಾತುಗಳನ್ನು ಆಡಲೇಬೇಕಾಗಿದೆ.

ಮೊದಲೇ ಸ್ಪಷ್ಟಪಡಿಸುತ್ತೇವೆ: ಝೈತೂನಿನ ಗೌರವದ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಪವಿತ್ರ ಕುರ್‌ಆನಿನ ಅತ್ತೀನ್ ಅಧ್ಯಾಯದಲ್ಲಿ ಅಲ್ಲಾಹನು ಅದರ ಆಣೆಯಿಟ್ಟಿದ್ದಾನೆ. ಅಲ್‌ಮುಅ್‌ಮಿನೂನ್ ಅಧ್ಯಾಯವು ಸೀನಾ ಪರ್ವತದ ಕಡೆ ಬೆಳೆಯುವ, ಎಣ್ಣೆಯನ್ನೂ ವ್ಯಂಜನವನ್ನೂ ಕೊಡುವ ಮರವನ್ನು ನೆನಪಿಸುತ್ತದೆ. ಅನ್ನೂರ್ ಅಧ್ಯಾಯದ ಪ್ರಕಾಶದ ಉಪಮೆಯಲ್ಲಿ ದೀಪಕ್ಕೆ ಎಣ್ಣೆಯಾಗಿರುವುದೂ ಝೈತೂನೇ. ಅದರ ಎಣ್ಣೆಯನ್ನು ತಿನ್ನಿರಿ, ಮೈಗೆ ಹಚ್ಚಿಕೊಳ್ಳಿರಿ ಎಂಬ ಪ್ರವಾದಿವರ್ಯರ(ಸ) ಉಪದೇಶವು ತಿರ್ಮಿದಿ ಮತ್ತು ಇಬ್ನುಮಾಜಃ ಸಂಗ್ರಹಗಳಲ್ಲಿ ವರದಿಯಾಗಿದೆ.

ದೂರದಿಂದ ತರುವುದರಲ್ಲಿಯೂ ದೋಷವಿಲ್ಲ. ಮದೀನಾ ಖರ್ಜೂರದ ಊರು. ಅಲ್ಲಿಗೆ ಝೈತೂನ್ ಎಣ್ಣೆ ಬರುತ್ತಿದ್ದುದು ಶಾಮ್ ನಾಡಿನಿಂದ. ಶಾಮಿನ ನಬತೀ ಜನರಿಗೆ ಗೋಧಿ, ಬಾರ್ಲಿ ಮತ್ತು ಝೈತೂನ್ ಎಣ್ಣೆಗಾಗಿ ಸಹಾಬಿಗಳು ಮುಂಗಡ ಹಣ ಕೊಡುತ್ತಿದ್ದರೆಂದೂ, ಅಳತೆ ಮತ್ತು ಅವಧಿ ಎರಡೂ ಮೊದಲೇ ನಿಗದಿಯಾಗಿರುತ್ತಿದ್ದವೆಂದೂ ಅಬ್ದುಲ್ಲಾ ಬಿನ್ ಅಬೀ ಔಫಾ(ರ) ತಿಳಿಸಿರುವುದು ಸಹೀಹ್ ಬುಖಾರಿಯಲ್ಲಿದೆ. ಅಂದರೆ ಪರನಾಡಿನ ಎಣ್ಣೆಯನ್ನು ಕೊಳ್ಳುವಾಗ ಅವರು ಏನು, ಎಷ್ಟು, ಯಾವಾಗ ಎಂಬುದನ್ನು ಕೇಳಿ ತಿಳಿಯುತ್ತಿದ್ದರು. ಇಂದು ನಮ್ಮವರು ಬಾಟಲಿಯ ಮೇಲೆ ಅರಬಿ ಅಕ್ಷರಗಳನ್ನು ಕಂಡ ಕೂಡಲೇ ಕೇಳುವುದನ್ನು ನಿಲ್ಲಿಸಿಬಿಡುತ್ತಾರೆ.

ಕೇಳಲೇಬೇಕಾದ ಪ್ರಶ್ನೆಗಳಿವೆ. ‘ಝೈತೂನ್ ಎಣ್ಣೆ’ ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಕಾಯಿಯನ್ನು ಅರೆದು, ರಾಸಾಯನಿಕಗಳನ್ನು ಬಳಸದೆ ತೆಗೆದ, ಮುಕ್ತ ಆಮ್ಲಾಂಶ ಶೇಕಡಾ 0.8ನ್ನು ಮೀರದ ಎಣ್ಣೆಗೆ ಮಾತ್ರ ‘ಎಕ್ಸ್‌ಟ್ರಾ ವರ್ಜಿನ್’ ಎಂಬ ಹೆಸರು ಸಲ್ಲುತ್ತದೆ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ದ್ರಾವಕಗಳ ಸಹಾಯದಿಂದ ಹೊರತೆಗೆದು, ಶುದ್ಧೀಕರಿಸಿ, ಸ್ವಲ್ಪ ಒಳ್ಳೆಯ ಎಣ್ಣೆಯನ್ನು ಬೆರೆಸಿ ಮಾರುವ ‘ಪೋಮೆಸ್’ ಬೇರೆಯದೇ ದರ್ಜೆಯದು. ಕೇವಲ ಮಾಲೀಸಿಗೆಂದು ತಯಾರಾದ, ತಿನ್ನಬಾರದ ಎಣ್ಣೆಗಳೂ ಅದೇ ಹೆಸರಿನ ಚಿಕ್ಕ ಬಾಟಲಿಗಳಲ್ಲಿ ದೊರೆಯುತ್ತವೆ. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಪವಿತ್ರ ಭೂಮಿಯಿಂದ ಬಂದದ್ದು’ ಎಂದುಬಿಟ್ಟರೆ ಹಿಂಡಿಯ ಎಣ್ಣೆ ಹಣ್ಣಿನ ಎಣ್ಣೆಯಾಗುವುದಿಲ್ಲ.

ಬೆಳಕು, ಬಿಸಿ ಮತ್ತು ಗಾಳಿ ಈ ಎಣ್ಣೆಯ ಮೂರು ಶತ್ರುಗಳು. ಬಿಸಿಲಿಗೆ ಮೈಯೊಡ್ಡಿ ನಿಂತ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಿಂತ ಗಾಢ ಬಣ್ಣದ ಗಾಜು ಅಥವಾ ತಗಡಿನ ಡಬ್ಬಿ ಮೇಲು. ಕೊಯ್ಲಿನ ವರ್ಷ, ಬೆಳೆದ ನಾಡು, ದರ್ಜೆ ಇಷ್ಟನ್ನಾದರೂ ಚೀಟಿಯಲ್ಲಿ ನೋಡಬೇಕು. ಅದು ಫೆಲೆಸ್ತೀನಿನದೋ, ಜೋರ್ಡಾನಿನದೋ, ಟುನೀಶಿಯಾದ್ದೋ, ಸೌದಿ ಅರೇಬಿಯಾದ ಅಲ್‌ಜೌಫ್ ಪ್ರಾಂತ್ಯದ್ದೋ ಎಂದು ವಿಚಾರಿಸಬೇಕು. ಒಳ್ಳೆಯ ಎಣ್ಣೆ ತುಸು ಕಹಿಯಾಗಿದ್ದು ಗಂಟಲಲ್ಲಿ ಖಾರ ತೋರುತ್ತದೆ. ಅದು ದೋಷವಲ್ಲ, ಗುಣ. ಇಷ್ಟೆಲ್ಲ ನೋಡಿ ತಂದ ಎಣ್ಣೆಯನ್ನೂ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಬೀದರ ಜಿಲ್ಲೆಯಲ್ಲಿ ವರ್ಷಗಟ್ಟಲೆ ಶೋಕೇಸಿನ ಗಾಜಿನ ಹಿಂದೆ ಇಟ್ಟರೆ ಉಳಿಯುವುದು ಕಮಟು ವಾಸನೆ ಮಾತ್ರ. ಅಲ್ಲಾಹನ ಅನುಗ್ರಹವನ್ನು ಕೆಡಲು ಬಿಟ್ಟು ಅದನ್ನು ಗೌರವ ಎಂದು ಕರೆಯುವುದು ಎಂಥ ನ್ಯಾಯ?

ಇನ್ನು ಮಾರಾಟದ ಮಾತು. ಕುಟುಂಬಕ್ಕೆಂದು ತರುವ ಸಾಮಾನಿನ ಜೊತೆ ಹತ್ತಿಪ್ಪತ್ತು ಬಾಟಲಿ ಹೆಚ್ಚಿಗೆ ತಂದು, ‘ತಿಬ್ಬೆ ನಬವೀ’ ಎಂಬ ಚೀಟಿ ಅಂಟಿಸಿ, ದುಪ್ಪಟ್ಟು ಬೆಲೆಗೆ ಕೊಡುವವರಿದ್ದಾರೆ. ಲಾಭ ಹಲಾಲ್, ಸುಳ್ಳು ಹರಾಮ್. ಸಕ್ಕರೆ ಕಾಯಿಲೆ ಮಾಯವಾಗುತ್ತದೆ, ಕ್ಯಾನ್ಸರ್ ಕರಗುತ್ತದೆ, ಹೃದಯದ ನಾಳ ತೆರೆಯುತ್ತದೆ ಎಂದು ಮೊಬೈಲಿನಲ್ಲಿ ಸಂದೇಶ ಹರಡಿ ಎಣ್ಣೆ ಮಾರುವವರು ಎರಡು ನ್ಯಾಯಾಲಯಗಳಿಗೆ ಉತ್ತರಿಸಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದವನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು ಈ ದೇಶದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು ನಿಷೇಧಿಸಿದೆ. ಅದಕ್ಕಿಂತ ಭಾರವಾದದ್ದು ಪ್ರವಾದಿವರ್ಯರು(ಸ) ಹೇಳದ ಮಾತನ್ನು ಅವರ ಹೆಸರಿಗೆ ಅಂಟಿಸಿದ ಲೆಕ್ಕ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿವರ್ಯರು(ಸ) ಕೈಯಿಟ್ಟಾಗ ಒಳಗಿನ ತೇವ ಬೆರಳಿಗೆ ತಾಗಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನಿಗೆ ತಮ್ಮೊಂದಿಗೆ ಸಂಬಂಧವಿಲ್ಲವೆಂದು ಅವರು ಎಚ್ಚರಿಸಿದರು. ಇಲ್ಲಿಯಂತೂ ಆ ವಂಚನೆಗೆ ಅವರ ಹೆಸರನ್ನೇ ಹೊದಿಕೆಯಾಗಿ ಬಳಸಲಾಗುತ್ತಿದೆ.

ಇದರ ಬೆಲೆಯನ್ನು ತೆರುವವರು ಯಾರು? ಬಡ ಮನೆಯ ಹಿರಿಯರು. ನಿತ್ಯದ ಮಾತ್ರೆ ಬಿಟ್ಟು ಬೆಳಿಗ್ಗೆ ಎರಡು ಚಮಚ ಎಣ್ಣೆ ಕುಡಿದರೆ ಸಾಕೆಂದು ನಂಬುವ ತಾಯಂದಿರು. ಝೈತೂನ್ ಒಳ್ಳೆಯ ಆಹಾರ. ತುಪ್ಪ, ಡಾಲ್ಡಾಗಳ ಬದಲಿಗೆ ಮಿತವಾಗಿ ಬಳಸಿದರೆ ಹೃದಯಕ್ಕೆ ಹಿತ. ಆದರೆ ಬೇರೆಲ್ಲ ಎಣ್ಣೆಗಳಂತೆ ಅದರಲ್ಲಿಯೂ ಗ್ರಾಮಿಗೆ 9 ಕ್ಯಾಲೊರಿ ಇದೆ. ಕರಿದ ತಿಂಡಿಯ ಮೇಲೆ ಇದನ್ನೂ ಸೇರಿಸಿಕೊಂಡರೆ ತೂಕವೇ ಹೆಚ್ಚುತ್ತದೆ. ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದವರೂ ಅದೇ ಪ್ರವಾದಿವರ್ಯರು(ಸ). ಅವರ ಒಂದು ಮಾತನ್ನು ಹಿಡಿದು ಇನ್ನೊಂದನ್ನು ಬಿಡುವುದು ಸುನ್ನತ್ತಿನ ಪ್ರೇಮವಾಗದು.

“ನಮ್ಮ ನಿಯ್ಯತ್ತು ಒಳ್ಳೆಯದಲ್ಲವೇ? ಬರಕತ್ತಿಗಾಗಿ ತಾನೇ ತರುತ್ತೇವೆ?” ಎಂದು ಕೆಲವರು ಕೇಳುತ್ತಾರೆ. ಹಾಗಾದರೆ ಹಝ್ರತ್ ಉಮರ್(ರ) ಅವರ ಬದುಕನ್ನು ನೋಡೋಣ. ಹಿಜರಿ 18ರಲ್ಲಿ, ‘ಬೂದಿಯ ವರ್ಷ’ ಎಂದು ಇತಿಹಾಸದಲ್ಲಿ ಹೆಸರಾದ ಬರಗಾಲದಲ್ಲಿ, ಜನರ ಕಷ್ಟ ನೀಗುವವರೆಗೆ ತುಪ್ಪವನ್ನೂ ಮಾಂಸವನ್ನೂ ಮುಟ್ಟುವುದಿಲ್ಲವೆಂದು ಖಲೀಫರು ಪಣತೊಟ್ಟರು. ರೊಟ್ಟಿಯ ಜೊತೆ ಅವರು ತಿಂದದ್ದು ಝೈತೂನ್ ಎಣ್ಣೆ. ಅದನ್ನೇ ತಿಂದು ಅವರ ಮೈಬಣ್ಣ ಕಪ್ಪಿಟ್ಟಿತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ಮದೀನಾದಲ್ಲಿ ತುಪ್ಪ ಉಳ್ಳವರ ಊಟ, ಝೈತೂನ್ ಬಡವರ ಊಟ. ಅಮೀರುಲ್ ಮುಅ್‌ಮಿನೀನ್ ಹಸಿದವರ ಸಾಲಿನಲ್ಲಿ ಕುಳಿತುಕೊಳ್ಳಲು ಆರಿಸಿಕೊಂಡ ಎಣ್ಣೆಯನ್ನು ನಮ್ಮ ಕಾಲದಲ್ಲಿ ಉಳ್ಳವರ ಗುರುತಾಗಿ ಮಾಡಲಾಗಿದೆ. ಯಾರ ಮನೆಗೆ ಎಷ್ಟು ಬಾಟಲಿ ಬಂತು, ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬ ಲೆಕ್ಕದಿಂದ ಸಂಬಂಧಗಳು ಕೆಡುತ್ತಿವೆ. ಉಮ್ರಾಕ್ಕೆ ಹೊರಟವರು ತವಾಫಿನ ಸಮಯವನ್ನು ಅಂಗಡಿಗಳಿಗೆ ಕೊಡುತ್ತಿದ್ದಾರೆ. ಉಡುಗೊರೆಗಾಗಿ ಕೈಸಾಲ ಮಾಡುವವರೂ ಇದ್ದಾರೆ. ಒಳ್ಳೆಯ ನಿಯ್ಯತ್ತಿನ ಫಲ ಹೀಗಿರುವುದಿಲ್ಲ.

ಇದರ ಜೊತೆಗೇ ನಮ್ಮ ಕಾಲಡಿಯ ಮಣ್ಣನ್ನು ಮರೆತ ತಪ್ಪೂ ಇದೆ. ಬೀದರ, ಕಲಬುರಗಿಯ ಕಪ್ಪು ನೆಲದಲ್ಲಿ ಹಿಂಗಾರಿಗೆ ಕುಸುಬಿ ಬೆಳೆಯುತ್ತಿತ್ತು. ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬಿಯ ಸಾಲು ಬಿತ್ತಿದರೆ ದನಗಳಿಂದ ಬೆಳೆಗೆ ಕಾವಲು, ಮನೆಗೆ ಎಣ್ಣೆ. ನಮ್ಮ ಹಿರಿಯರು ಬಿಸಿ ರೊಟ್ಟಿಗೂ ಚಟ್ನಿಪುಡಿಗೂ ಹಾಕಿಕೊಂಡದ್ದು ಗಾಣದ ಕುಸುಬಿ ಎಣ್ಣೆಯನ್ನು. ಇಂದು ಆ ಬೆಳೆ ಕುಗ್ಗಿದೆ. ಅಡಿಗೆಮನೆಗೆ ಅಗ್ಗದ ಪಾಮ್ ಎಣ್ಣೆಯ ಪಾಕೀಟು ಬಂದಿದೆ, ಶೋಕೇಸಿಗೆ ಝೈತೂನ್ ಬಂದಿದೆ. ಮಕ್ಕಳು ದಿನವೂ ತಿನ್ನುವ ಎಣ್ಣೆಯ ಗುಣವನ್ನು ಕೇಳದವರು ವರ್ಷಕ್ಕೊಮ್ಮೆ ಮೂಸುವ ಎಣ್ಣೆಯ ಪಾವಿತ್ರ್ಯದ ಬಗ್ಗೆ ವಾದಿಸುತ್ತಾರೆ. ಸೀನಾ ಪರ್ವತದ ಮರವನ್ನು ಸೃಷ್ಟಿಸಿದವನೇ ಮನ್ನಾಏಖೇಳ್ಳಿಯ ಹೊಲದ ಕುಸುಬಿಯನ್ನೂ ಸೃಷ್ಟಿಸಿದ್ದಾನೆ. ಒಂದರ ಗೌರವಕ್ಕಾಗಿ ಇನ್ನೊಂದನ್ನು ಕೀಳಾಗಿ ಕಾಣಬೇಕಿಲ್ಲ.

ಆದುದರಿಂದ ನಮ್ಮ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೆ. ತರುವುದಾದರೆ ಸ್ವಲ್ಪ ತನ್ನಿರಿ, ಒಳ್ಳೆಯದನ್ನು ತನ್ನಿರಿ. ಅದನ್ನು ತಂಪಾದ, ಕತ್ತಲೆಯ ಕಪಾಟಿನಲ್ಲಿಟ್ಟು, ತೆರೆದ ಮೇಲೆ ಕೆಲವು ತಿಂಗಳುಗಳಲ್ಲಿ ತಿಂದು ಮುಗಿಸಿರಿ. ಒಂದು ಬಟ್ಟಲು ನೆರೆಯವರಿಗೂ ಹೋಗಲಿ, ಅವರು ಯಾವ ಧರ್ಮದವರೇ ಆಗಿರಲಿ. ಸಾರಿಗೆ ನೀರು ಹೆಚ್ಚಿಸಿಯಾದರೂ ನೆರೆಮನೆಯನ್ನು ನೆನೆಯಬೇಕೆಂಬ ಪಾಠ ನಮ್ಮದು. ಮಾರುವುದಾದರೆ ದರ್ಜೆಯನ್ನೂ ದಿನಾಂಕವನ್ನೂ ತಿಳಿಸಿ ಮಾರಿರಿ. ರೋಗಿಗೆ ಕೊಡುವಾಗ ವೈದ್ಯರ ಮಾತ್ರೆಯನ್ನು ಬಿಡಬೇಡಿರೆಂದು ಹೇಳಿಯೇ ಕೊಡಿರಿ. ಬರಿಗೈಯಲ್ಲಿ ಮರಳಿದ ಯಾತ್ರಿಕನ ಮುಂದೆ ಮುಖ ಸಣ್ಣಗೆ ಮಾಡಬೇಡಿರಿ. ಕಅ್‌ಬಾದ ಎದುರು ನಿಮ್ಮ ಹೆಸರು ಹಿಡಿದು ಆತ ಮಾಡಿದ ದುಆ ಯಾವ ಬಾಟಲಿಯಲ್ಲಿಯೂ ಹಿಡಿಸದು.

ಅಲ್ಲಾಹನು ನಮ್ಮ ಆಹಾರವನ್ನು ಶುದ್ಧಗೊಳಿಸಲಿ, ನಮ್ಮ ವ್ಯಾಪಾರದಲ್ಲಿ ಸತ್ಯವನ್ನು ಉಳಿಸಲಿ. ಆಮೀನ್.