ದೂರು ಕಾಡುನಾಯಿಯ ಮೇಲೆ, ಮಾಂಸ ಯಾರ ಚಟ್ಟಿಯಲ್ಲಿ?

ಕಡಬ ಪೇಟೆಯಲ್ಲಿ ಚಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ಸಿಕ್ಕಿದರು. ಒಂದು ಕಾಲಕ್ಕೆ ಒಳ್ಳೆಯ ಈಡುಗಾರರು. ಈಗ ಕೋವಿಯನ್ನು ತೋಟ ಕಾಯುವುದಕ್ಕೆ ಮಾತ್ರ ಮುಟ್ಟುತ್ತಾರಂತೆ. ನಾವು ನಂಬಿದ್ದೇವೆ.

"ಪೇಪರ್‌ನವ್ರು ಇದನ್ನ ಬರೀರಿ ಮಾರಾಯ್ರೆ. ಕಾಡಲ್ಲಿ ಒಂದು ಕಡವೆ ಉಳೀಲಿಲ್ಲ. ಎಲ್ಲಾ ಆ ಕಾಡುನಾಯಿಗಳೇ ಮುಗ್ಸಿದ್ದು. ಅದನ್ನ ಹೊಡೀಲಿಕ್ಕೆ ಸರಕಾರ ಬಿಡ್ಬೇಕು" ಎಂದರು.

ಇದು ಅವರೊಬ್ಬರ ಮಾತಲ್ಲ. ಕೊಲ್ಲಮೊಗ್ರು, ಬಿಳಿನೆಲೆ, ಶಿರಾಡಿ ಎಲ್ಲಿ ಹೋದರೂ ಇದೇ ರಾಗ. ಹಾಗಾಗಿ ಬರೆಯುತ್ತಿದ್ದೇವೆ. ಆದರೆ ಅವರು ಹೇಳಿಕೊಟ್ಟ ಹಾಗೆ ಅಲ್ಲ.

ಕಾಡುನಾಯಿ, ಸೀಳುನಾಯಿ, ಕೆನ್ನಾಯಿ ಎಂದೆಲ್ಲ ಕರೆಯುವ ಈ ಕೆಂಚು ಮೈ ಕಪ್ಪು ಬಾಲದ ಪ್ರಾಣಿಯ ತೂಕ 15 ಕಿಲೋ ಆಸುಪಾಸು. ಒಂಟಿಯಾದರೆ ದೊಡ್ಡ ಕಡವೆಯ ಮುಂದೆ ಏನೂ ಅಲ್ಲ. ಹಿಂಡು ಸೇರಿದರೆ ಮಾತ್ರ ಕಥೆ ಬೇರೆ. ಸಿಳ್ಳೆ ಹಾಕಿದಂತೆ ಕೂಗಿ ಒಂದನ್ನೊಂದು ಕರೆಯುತ್ತವೆ. ಹಿಡಿದ ಪ್ರಾಣಿ ಪೂರ್ತಿ ಸಾಯುವ ಮೊದಲೇ ತಿನ್ನಲು ಸುರು. ನೋಡಿದವರಿಗೆ ಹೇಸಿಗೆಯಾಗುವುದು ಸಹಜ. ನಮ್ಮ ಅಜ್ಜಂದಿರು ಇನ್ನೂ ಒಂದು ಸೇರಿಸಿದ್ದಾರೆ: ಬಾಲದಲ್ಲಿ ಮೂತ್ರ ಎರಚಿ ಬೇಟೆಯ ಕಣ್ಣು ಕುರುಡು ಮಾಡುತ್ತವಂತೆ! ಇದು ಬರೀ ಕಥೆ.

ಈ ಹೇಸಿಗೆಗೆ ಬೆಲೆ ಕೊಟ್ಟದ್ದು ಬ್ರಿಟಿಷರು. ಷಿಕಾರಿ ದೊರೆಗಳಿಗೆ ಕೊಂಬಿನ ಕಡವೆ ಬೇಕಿತ್ತು, ಅದನ್ನೇ ತಿನ್ನುವ ನಾಯಿ ಬೇಡವಾಗಿತ್ತು. ಕಾಡುನಾಯಿ ಕೊಂದು ತಂದವನಿಗೆ ಇನಾಮು ಕೊಟ್ಟರು. ದೊರೆಗಳು ಹೋದರೂ ಇನಾಮು ನಿಲ್ಲಲಿಲ್ಲ. 1972ರ ವನ್ಯಜೀವಿ ಕಾನೂನು ಬಂದ ಮೇಲೆಯೇ ಅದು ನಿಂತದ್ದು. ಈಗ ಇಡೀ ಜಗತ್ತಿನಲ್ಲೇ ಇದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. 2015ರ ಅಂದಾಜಿನಂತೆ ಉಳಿದಿರುವ ಬೆಳೆದ ನಾಯಿಗಳು ಹೆಚ್ಚೆಂದರೆ 2,215.

ಹಾಗಾದರೆ ಜಿಂಕೆ ಮುಗಿಸುವುದು ಇವೇ ಹೌದೇ? ಉತ್ತರ ಹುಡುಕಿದವರು ನಮ್ಮವರೇ. ಪುತ್ತೂರಿನ ಬಾಲವನದ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ, ಚಿರತೆ, ಕಾಡುನಾಯಿ ಮೂರೂ ಏನೇನು ತಿನ್ನುತ್ತವೆ ಎಂದು ಲೆಕ್ಕ ಇಟ್ಟರು. 1995ರಲ್ಲಿ ಅದು ಪ್ರಕಟವಾಯಿತು. ಹುಲಿ ಹಿಡಿಯುವ ಪ್ರಾಣಿಯ ಸರಾಸರಿ ತೂಕ ಸುಮಾರು 92 ಕಿಲೋ, ಕಾಡುನಾಯಿಯದು 43, ಚಿರತೆಯದು 38. ಮೂರು ಬಾಯಿ ಹೀಗೆ ತಿಂದರೂ ನಾಗರಹೊಳೆಯಲ್ಲಿ ಜಿಂಕೆ, ಕಡವೆ, ಕಾಟಿಗಳಿಗೆ ಬರ ಬರಲಿಲ್ಲ. ಕೆ.ಎಂ. ಚಿಣ್ಣಪ್ಪನವರಂಥ ರೇಂಜರು ಕಳ್ಳಕೋವಿಗಳನ್ನು ಅಟ್ಟಿದ ಮೇಲೆ ಅವು ಹೆಚ್ಚಿದವು. ನಾಯಿಗಳನ್ನು ಅಟ್ಟಿದ್ದಕ್ಕಲ್ಲ.

ನಮ್ಮ ಮಳೆಕಾಡು ನಾಗರಹೊಳೆಯಲ್ಲ, ಒಪ್ಪಿದೆ. ಅಷ್ಟು ಹುಲ್ಲಿಲ್ಲ, ಅಷ್ಟು ಜಿಂಕೆ ಇರಲೂ ಸಾಧ್ಯವಿಲ್ಲ. ಆದರೂ ಕಡವೆ, ಕಾಡುಕುರಿ, ಬರಿಂಕ ಇಲ್ಲಿ ಧಾರಾಳ ಇದ್ದವೆಂದು ಹೇಳುವವರು ಇದೇ ಹಿರಿಯರು. ಆಗ ಕಾಡುನಾಯಿ ಇರಲಿಲ್ಲವೇ? ಇತ್ತು. ಈಗಿಗಿಂತ ಹೆಚ್ಚೇ ಇತ್ತು.

ಬದಲಾದದ್ದು ಎಂತದು ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೆಡ್ಡಸಕ್ಕೆ ಊರವರು ಸೇರಿ ಬೋಂಟೆಗೆ ಹೋಗುತ್ತಿದ್ದದ್ದು ವರ್ಷಕ್ಕೊಂದು ಸಲ. ಆಮೇಲೆ ಜೀಪು ಬಂತು, ತಲೆಗೆ ಕಟ್ಟುವ ಲೈಟು ಬಂತು, ಬೈಕಿನ ಕ್ಲಚ್ ವಯರಿನ ಉರುಳು ಬಂತು. ಉರುಳಿಗೆ ಕೆಡ್ಡಸವೂ ಇಲ್ಲ, ಆಟಿಯೂ ಇಲ್ಲ. ಹಂದಿಗೆಂದು ಇಟ್ಟದ್ದಕ್ಕೆ ಗಬ್ಬದ ಕಡವೆಯೂ ಬೀಳುತ್ತದೆ. ಇತ್ತ ಕುಮ್ಕಿ ಗುಡ್ಡೆಗಳೆಲ್ಲ ರಬ್ಬರು, ಗೇರು. ಅಲ್ಲಿ ಮೇಯುವುದೇನನ್ನು? ಮತ್ತೆ ನಮ್ಮ ಅಂಗಳದ ನಾಯಿಗಳು! ರಾತ್ರಿ ಬಿಟ್ಟ ನಾಲ್ಕು ನಾಯಿ ಸೇರಿದರೆ ಕಾಡುಕುರಿಯನ್ನು ಓಡಿಸಿ ಕೊಲ್ಲುತ್ತವೆ. ಬೆಳಿಗ್ಗೆ ಹೆಸರು ಕಾಡುನಾಯಿಗೆ.

ಹಿರಿಯರಲ್ಲಿ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದರು. ಮತ್ತೆ ಕಡವೆ ಮಾಂಸಕ್ಕೆ ಕೊತ್ತಂಬರಿ ಎಷ್ಟು ಹುರಿಯಬೇಕು ಎಂದು ಐದು ನಿಮಿಷ ವಿವರಿಸಿದರು.

ಅಮೆರಿಕದಲ್ಲೂ ಇದೇ ಜಗಳ. ಅಲ್ಲಿ ಕಯೋಟಿ ಎಂಬ ಪ್ರಾಣಿ, ತೋಳಕ್ಕಿಂತ ಸಣ್ಣದು. ಜಿಂಕೆಮರಿ ತಿನ್ನುತ್ತದೆಂದು ಬೇಟೆಗಾರರಿಗೆ ಸಿಟ್ಟು. ಸರಕಾರವೇ ವರ್ಷಕ್ಕೆ ಹತ್ತಾರು ಸಾವಿರ ಕೊಂದರೂ ಅದು ಇಡೀ ದೇಶಕ್ಕೆ ಹರಡಿತು. ನಮ್ಮ ಕಾಡುನಾಯಿಗೆ ಆ ಗಟ್ಟಿತನ ಇಲ್ಲ. ಹೊಡೆದ ಕಡೆ ಹೋಯಿತೆಂದರೆ ಹೋಯಿತು.

ಕೃಷಿಕರ ಸಂಕಟ ನಮಗೆ ಗೊತ್ತಿಲ್ಲವೆಂದಲ್ಲ. ಸಂಪಾಜೆ, ಅರಂತೋಡು ಕಡೆ ಅಡಿಕೆಗೆ ಹಳದಿ ರೋಗ. ಉಳಿದ ತೋಟಕ್ಕೆ ಮಂಗ, ಮರಗೆಣಸಿಗೆ ಹಂದಿ. ಚುನಾವಣೆ ಬಂದರೆ ಕೋವಿ ಠಾಣೆಗೆ. 2023ರಲ್ಲೂ ಅದೇ ಗೋಳು, 2024ರಲ್ಲೂ ಅದೇ. ಆದರೆ ಹಂದಿಯನ್ನು, ಅದರಲ್ಲೂ ಮರಿಯನ್ನು, ಸಂಬಳ ಕೇಳದೆ ಹಿಡಿಯುವ ಪ್ರಾಣಿಯೂ ಇದೇ ಕಾಡುನಾಯಿ ಅಲ್ವಾ? ಅದಕ್ಕೇ ವಿಷ ಇಟ್ಟರೆ ಲಾಭ ಯಾರಿಗೆ, ಹಂದಿಗೆ.

ಕಾಡಂಚಿನಲ್ಲಿ ಮೇಯಲು ಬಿಟ್ಟ ಕರುವನ್ನು ಕಾಡುನಾಯಿ ಹಿಡಿಯುವುದುಂಟು. ಅದು ನಿಜವಾದ ನಷ್ಟ. ಅದಕ್ಕೆ ಪರಿಹಾರ ಉಂಟು, ಆದರೆ ಒಂದು ಕರುವಿನ ಹಣಕ್ಕೆ ಮೂರು ಸಲ ಬಸ್ಸು ಹತ್ತುವವನು ನಾಲ್ಕನೇ ಸಲ ವಿಷದ ಅಂಗಡಿಗೆ ಹೋಗುತ್ತಾನೆ. ಅರಣ್ಯ ಇಲಾಖೆಯವರು ವಾರದೊಳಗೆ ಮನೆ ಬಾಗಿಲಿಗೆ ಬಂದು ಮಹಜರು ಮಾಡಿ ಹಣ ಕೊಡಲಿ. ಗುಂಡ್ಯ, ಬಿಸ್ಲೆ ರಸ್ತೆಗಳಲ್ಲಿ ರಾತ್ರಿ ಓಡುವ ಜೀಪುಗಳ ಹಿಂಬದಿಯನ್ನೂ ಒಮ್ಮೆ ತೆರೆದು ನೋಡಲಿ.